ಕಡಲ ಬೆಟ್ಟ ಹತ್ತಿದ ಸಿಂಗಾಪುರದ ಶಾಮಿಯಾನ

ಶಾಮಿಯಾನ ಕಟ್ಟೋವನ ಬಾಳಲ್ಲಿ ಒಂದು ದಿನವೂ ನೆಟ್ಟಗೆ ಹೋಗಲ್ಲ. ಮದುವೆ, ನಾಮಕರಣ, ತಿಥಿ ಅಂತ ಮೂವತ್ತು ವರ್ಷ ಬಟ್ಟೆ ಕಟ್ಟಿದೀನಿ. ಒಂದು ಕಡೆಯಿಂದಲೂ ನಗದೆ ಗಂಟು ಬಿಚ್ಕೊಂಡು ಬಂದಿಲ್ಲ. ಅಂಥದ್ರಲ್ಲಿ ನಾವು ಸಿಂಗಾಪುರದೋರು ಸಮುದ್ರದ ಪಕ್ಕ ಇರೋ ಕಾಡುಬೆಟ್ಟಕ್ಕೆ ಹೋಗಿ ಕ್ಯಾಂಪ್ ನಡೆಸಿದ್ವಿ ಅಂದ್ರೆ ಕೇಳ್ಬೇಕಾ? ಸಿಂಗಾಪುರ ಅಂದ್ರೆ ವಿಮಾನ ಹತ್ತಿ ಹೋಗೋದಲ್ಲ ಸ್ವಾಮಿ, ವಿದ್ಯಾರಣ್ಯಪುರದ ಪಕ್ಕ ಇರೋದು.

ಕೊರೋನಾ ಬಂದು ಹೋದ್ಮೇಲೆ ನಮ್ಮ ಕಸುಬು ಮಲಗ್ಬಿಡ್ತು. ಜನ ಮದುವೆ ಮಾಡೋದೇನೂ ಬಿಡ್ಲಿಲ್ಲ, ಮನೆ ಮುಂದೆ ಮಾಡೋದು ಬಿಟ್ರು. ಎಲ್ಲರಿಗೂ ಏಸಿ ಹಾಲ್ ಬೇಕು. ನಮ್ಮಪ್ಪನ ಕಾಲದ ಕೆಂಪು-ಹಳದಿ ಶಾಮಿಯಾನಗಳು ಗೋಡೌನಲ್ಲಿ ಇಲಿ ಮರಿ ಹಾಕೋಕೆ ಅನುಕೂಲ ಆದ್ವು. ಆಗ ಒಂದಿನ ಗೋಡೌನ್ ಮಾಲೀಕರಾದ ಗೌಡ್ರು ಬಂದ್ರು. ನಮ್ಮ ಸುತ್ತಮುತ್ತ ಇರೋ ಲೇಔಟೆಲ್ಲ ಹಿಂದೆ ಅವರ ರಾಗಿ ಹೊಲ, ಈಗ ಅವರು ಬಿಲ್ಡರ್. ಕುಮಟಾ ಆಚೆ ಸಮುದ್ರಕ್ಕೆ ಮುಖ ಮಾಡಿರೋ ಒಂದು ಬೆಟ್ಟದ ತುಂಡು ತಗೊಂಡಿದ್ರು.

"ಲೇ, ಈಗಿನ ಜನಕ್ಕೆ ಟೆಂಟಲ್ಲಿ ಮಲಗೋ ಉಚ್ಚು ಇಡ್ದೈತೆ ಕಣೋ. ನನ್ನತ್ರ ಬೆಟ್ಟ ಐತೆ, ನಿನ್ನತ್ರ ಬಟ್ಟೆ ಐತೆ, ನಡಿ," ಅಂದ್ರು. ಆಮೇಲೆ ದನಿ ತಗ್ಗಿಸಿ, "ಒಂದು ಸೀಸನ್ ನೋಡಾನ. ಮಳೆಗಾಲದೊಳಗೆ ಜನ ಕಚ್ಕೊಂಡ್ರೆ ಸರಿ. ಇಲ್ಲಾಂದ್ರೆ ನಾನು ಈ ಗೋಡೌನ್ ಒಡ್ದು ಅಪಾರ್ಟ್‌ಮೆಂಟ್ ಕಟ್ತೀನಿ, ನೀನು ಶಾಮಿಯಾನ ಗುಜರಿಗೆ ಆಕು," ಅಂದ್ರು.

ಗುಜರಿ ಅಂದ ತಕ್ಷಣ ನಾನು ಹೋಗಿ ಒಂದು ಶಾಮಿಯಾನದ ಮೂಲೆ ಬಿಚ್ಚಿ ನೋಡಿದೆ. ಅಪ್ಪ ಒಂದೊಂದು ಶಾಮಿಯಾನದ ಮೂಲೇಲೂ ಬಿಳಿ ದಾರದಲ್ಲಿ ತನ್ನ ಹೆಸರು ಹೊಲಿದಿದ್ದ. ಅದನ್ನ ತೂಕಕ್ಕೆ ಹಾಕೋದಾ? ನಾನು, ಅಡುಗೆಗೆ ಅಂತ ನನ್ನ ಹೆಂಡ್ತಿ, ಅಪ್ಪನ ಕಾಲದಿಂದ ನಮ್ಮಲ್ಲೇ ಇದ್ದ ಕಂಬದ ಮೇಸ್ತ್ರಿ, ಮೂರೂ ಜನ ಹೊರಟೇಬಿಟ್ವಿ. ಈಗ ನನಗೆ ಮಂಡಿ ನೋವು, ಬೆಟ್ಟ ಹತ್ತೋಕಾಗಲ್ಲ. ಮನೆ ಮುಂದೆ ಕುರ್ಚಿ ಹಾಕ್ಕೊಂಡು ಆ ಮೊದಲನೇ ಸೀಸನ್ ನೆನೆಸ್ಕೊಂಡು ಒಬ್ಬೊಬ್ಬನೇ ನಗ್ತಿರ್ತೀನಿ. ದಾರೀಲಿ ಹೋಗೋರು ಏನಂದ್ಕೋತಾರೋ ಗೊತ್ತಿಲ್ಲ.

ಅಳತೆ

ಬೆಟ್ಟಕ್ಕೆ ಹೊರಡೋಕೆ ಮುಂಚೆ ಬಿಳಿ ಬಟ್ಟೇಲಿ ಮಲಗೋ ಟೆಂಟ್ ಹೊಲಿಸಿದ್ವಿ. ಮದುವೆ ಚಪ್ಪರ ಕಟ್ಟೋರಿಗೆ ಒಬ್ಬ ಮನುಷ್ಯ ಮಲಗೋಕೆ ಎಷ್ಟು ಉದ್ದ ಬೇಕು ಅಂತ ಎಲ್ಲಿ ಗೊತ್ತಿರುತ್ತೆ? ಭಾನುವಾರ ಬೆಳಿಗ್ಗೆ ನಮ್ಮನೆ ಮುಂದೇನೇ ಒಂದು ಟೆಂಟ್ ಕಟ್ಟಿ, ಒಳಗೆ ಅಂಗಾತ ಮಲಗಿ ನೋಡಿದೆ. ಮಂಡಿಯಿಂದ ಕೆಳಗೆ ಕಾಲು ಆಚೆ.

"ಅಲ್ಲಾಡ್ಬೇಡಿ ಅಣ್ಣ, ಟೇಪ್ ತಂದು ಅಳತೆ ತಗೋತೀನಿ," ಅಂತ ಮೇಸ್ತ್ರಿ ಗೋಡೌನಿಗೆ ಹೋದ. ಬಿಸಿಲು ಹಿತವಾಗಿತ್ತು, ನನಗೆ ಜೋಂಪು ಹತ್ತಿಬಿಡ್ತು.

ನಮ್ಮ ಕಡೆ ಮುಂಚೆ ಯಾರಿಗೂ ಹೇಳದೆ ಮನೆ ಮುಂದೆ ಬಟ್ಟೆ ಕಟ್ಟಿದ್ರೆ ಅದಕ್ಕಿರೋದು ಒಂದೇ ಕಾರಣ. ಅದರ ಮೇಲೆ ನನ್ನ ಹೆಂಡ್ತಿ ಎಣ್ಣೆ ನೀರು ಹಾಕ್ಕೊಂಡು, ಕೂದಲು ಬಿಟ್ಕೊಂಡು, ಸೀಗೆಪುಡಿ ಬಿದ್ದು ಕೆಂಪಾದ ಕಣ್ಣು ಒರೆಸ್ಕೊಳ್ತಾ ಮೆಟ್ಟಿಲ ಮೇಲೆ ಕೂತಿದ್ಲು. ಎದುರುಮನೆ ಅಜ್ಜಿ ಆಚೆ ಬಂದ್ರು. ಚರಂಡಿ ವಿಷಯಕ್ಕೆ ಜಗಳ ಆಡಿ ಆ ಅಜ್ಜಿ ನನ್ನ ಜೊತೆ ಹತ್ತು ವರ್ಷದಿಂದ ಮಾತು ಬಿಟ್ಟಿದ್ರು. ಬಿಳಿ ಬಟ್ಟೆ ನೋಡಿದ್ರು, ನನ್ನ ಕಾಲು ನೋಡಿದ್ರು, ನನ್ನ ಹೆಂಡ್ತಿ ಕಣ್ಣು ನೋಡಿದ್ರು. ಒಂದೇ ಸಲ ಎದೆ ಬಡ್ಕೊಂಡು ಶುರು ಮಾಡಿದ್ರು.

"ಅಯ್ಯೋ ನನ್ನಪ್ಪಾ, ಚಿನ್ನದಂಥ ಮನುಷ್ಯ! ಇರುವೆಗೂ ನೋವು ಮಾಡ್ದೋನಲ್ಲ! ನನ್ನ ಮೊಮ್ಮಗಳ ಮದುವೇಲಿ ಎಲ್ಲರದ್ದೂ ಆದ್ಮೇಲೆ ಕೊನೇ ಪಂಕ್ತೀಲಿ ಉಂಡಿದ್ನಲ್ಲೋ!"

ನನಗೆ ಎಚ್ಚರ ಆಯ್ತು. ಎದ್ದು ಬರ್ಬೇಕಿತ್ತು, ಆದ್ರೆ ಮನಸ್ಸೇ ಬರ್ಲಿಲ್ಲ ನೋಡಿ. ಬದುಕಿದ್ದಾಗ ಯಾರೂ ನನ್ನ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ಇನ್ನೂ ಏನೇನು ಹೇಳ್ತಾರೋ ಕೇಳೋಣ ಅಂತ ಉಸಿರು ಬಿಗಿ ಹಿಡ್ಕೊಂಡು ಮಲಗಿದೆ. ಮೂಲೆ ಮನೆ ರಿಟೈರ್ಡ್ ಮೇಷ್ಟ್ರು ಒಂದು ಹಾರ ಹಿಡ್ಕೊಂಡು ಬಂದು ಕಾಲ ಹತ್ರ ಬಗ್ಗಿದ್ರು. ಹಾರದ ದಾರ ಅಂಗಾಲಿಗೆ ತಾಗಿ ಕಚಗುಳಿ ಆಯ್ತು, ನಾನು ಕಾಲು ಎಳ್ಕೊಂಡೆ. ಮೇಷ್ಟ್ರು ಹಾರ ಬಿಸಾಕಿ ಓಡಿದ್ರು. ನಾನು ಎದ್ದು ಆಚೆ ಬಂದ್ರೆ ಅಜ್ಜಿ ಸೊಂಟಕ್ಕೆ ಕೈ ಕೊಟ್ಕೊಂಡು ನಿಂತಿದಾರೆ.

"ಥೂ ನಿನ್ನ! ಇಷ್ಟೊಂದು ಒಳ್ಳೆ ಮಾತು ಹೇಳ್ಬಿಟ್ನಲ್ಲೋ, ಈಗ ವಾಪಸ್ ತಗೊಳ್ಳೋದು ಹೆಂಗೋ?"

ಸಿಂಹಾಸನ

ಆ ಅಜ್ಜಿ ಹೋದ ವರ್ಷ ತೀರ್ಕೊಂಡ್ರು. ಅವರ ಮನೆ ಮುಂದೆ ಬಟ್ಟೆ ಕಟ್ಟಿದ್ದು ನಾನೇ. ಅವರಂಗೆ ಹಾಡಿ ಹೊಗಳೋಕೆ ನನಗೆ ಬರ್ಲಿಲ್ಲ, ಸುಮ್ನೆ ಅತ್ತೆ.

ಇರ್ಲಿ, ಬೆಟ್ಟದ ವಿಷಯಕ್ಕೆ ಬರ್ತೀನಿ. ಮೊದಲನೇ ವಾರ ಎಂಟು ಜನ ಬರ್ತಾರೆ ಅಂತ ಗೌಡ್ರು ಹೇಳಿದ್ರು. ನಮ್ಮ ಕಸುಬಲ್ಲಿ ನೂರು ಜನ ಅಂದ್ರೆ ಮುನ್ನೂರು ಬರ್ತಾರೆ, ಆಮೇಲೆ ಕುರ್ಚಿ ಸಾಲದೆ ಬೈಸ್ಕೊಳ್ಳೋರು ನಾವು. ಅದಕ್ಕೆ ಮೇಸ್ತ್ರಿ ಎಂಟು ಜನಕ್ಕೆ ಅಂತ ನೂರೈವತ್ತು ಕುರ್ಚಿ ಲಾರಿಗೆ ತುಂಬಿದ. ಗೊರಗುಂಟೆಪಾಳ್ಯದ ಸಿಗ್ನಲ್ಲಲ್ಲಿ ಒಂದು ಗಂಟೆ ನಿಂತಿದ್ವಲ್ಲ, ಅವಾಗ ನಾನು ಹಿಂದೆ ಹೋಗಿ ಟಾರ್ಪಾಲ್ ಎತ್ತಿ ನೋಡಿದ್ರೆ ಕುರ್ಚಿಗಳ ಮಧ್ಯೆ ರಿಸೆಪ್ಷನ್‌ಗೆ ಇಡೋ ಕೆಂಪು ವೆಲ್ವೆಟ್ಟಿನ ಎರಡು ಸಿಂಹಾಸನ!

"ಇವ್ಯಾಕಯ್ಯಾ?"

"ಗಂಡ-ಹೆಂಡ್ತಿ ಬಂದ್ರೆ ಎಲ್ಲಿ ಕೂರ್ತಾರಣ್ಣ?" ಅಂದ.

ಬೆಟ್ಟದ ತುದೀಲಿ, ಕೆಳಗೆ ಸಮುದ್ರ, ಹಿಂದೆ ಕಾಡು, ಮಧ್ಯದಲ್ಲಿ ಎರಡು ಸಿಂಹಾಸನ. ಹೆಬ್ಬಾಳದಿಂದ ಒಂದು ಜೋಡಿ ಬಂತು. ಮದುವೆ ಆಗಿ ಇಪ್ಪತ್ತೈದು ವರ್ಷ ಆಗಿರೋರು. ಸಮುದ್ರ ನೋಡೋಣ ಅಂತ ಕೂತ್ರು. ಆಯಮ್ಮ ಕೂತ ತಕ್ಷಣ ಸೆರಗು ಸರಿ ಮಾಡ್ಕೊಂಡ್ರು, ಆಯಪ್ಪ ಬೆವರೋಕೆ ಶುರು ಮಾಡಿದ್ರು. "ಅವತ್ತೂ ಹಿಂಗೇ ಬೆವರ್ತಾ ಇದ್ರಿ," ಅಂತ ಆಯಮ್ಮ ಕರ್ಚೀಫ್ ಕೊಟ್ರು.

ಅಷ್ಟ್ರಲ್ಲಿ ಉಳಿದ ಆರು ಜನ ಜೀಪಿಂದ ಇಳಿದ್ರು. ಅವರಿಗೂ ಇವರಿಗೂ ಮುಖ ಪರಿಚಯ ಇಲ್ಲ. ಆದ್ರೆ ಸಿಂಹಾಸನ ನೋಡಿದ್ರೆ ನಮ್ಮೂರ ಜನದ ಕಾಲು ತಾನಾಗೇ ನಡೆಯುತ್ತೆ. ಸಾಲಾಗಿ ಬಂದ್ರು, ಕೈ ಕುಲುಕಿದ್ರು, ಆ ಕಡೆ ಮೂರು ಈ ಕಡೆ ಮೂರು ಜನ ನಿಂತು ಕ್ಯಾಮೆರಾ ಎಲ್ಲಿ ಅಂತ ಹುಡುಕಿದ್ರು. ಮೇಸ್ತ್ರಿ ಫೋನಲ್ಲಿ ಫೋಟೋ ಹೊಡೆದ. ಅವರಲ್ಲೊಬ್ಬರು ಆಯಪ್ಪನ ಕಿವೀಲಿ ಏನೋ ಹೇಳಿ ಪಕ್ಕಕ್ಕೆ ಹೋದ್ರು. ಆಮೇಲೆ ನಾನು ಹೋಗಿ ಏನಂದ್ರು ಅಂತ ಕೇಳಿದೆ.

"ಅವಸರದಲ್ಲಿ ಬಂದ್ವಿ, ಗಿಫ್ಟ್ ತರೋಕಾಗ್ಲಿಲ್ಲ, ತಪ್ಪು ತಿಳ್ಕೋಬೇಡಿ ಅಂದ್ರು. ಊಟ ಯಾವ ಕಡೆ ಅಂತಾನೂ ಕೇಳಿದ್ರು," ಅಂದ್ರು ಆಯಪ್ಪ.

ನಿಶ್ಶಬ್ದ

ಮೈಕ್ ಸೆಟ್ ಇಲ್ದೆ ಶಾಮಿಯಾನ ಹೋಗಲ್ಲ, ಅದೂ ಬಂದಿತ್ತು. ಮೇಸ್ತ್ರಿ ಬೆಳಿಗ್ಗೆ ಆರಕ್ಕೇ ನಾದಸ್ವರ ಹಾಕ್ಬಿಡೋನು. ಕಾಡಲ್ಲಿರೋ ಹಕ್ಕಿಗಳೆಲ್ಲ ಪಕ್ಕದ ಬೆಟ್ಟಕ್ಕೆ ಮನೆ ಬದಲಾಯಿಸಿದ್ವು. ಯಲಹಂಕದಿಂದ ಬಂದಿದ್ದ ಡಾಕ್ಟ್ರೊಬ್ರು ತಡ್ಕೊಳ್ಳೋಷ್ಟು ತಡ್ಕೊಂಡು, "ಮೇಸ್ತ್ರಿಗಳೇ, ನಾವು ಇಷ್ಟು ದೂರ ಬಂದಿರೋದು ನಿಶ್ಶಬ್ದಕ್ಕೆ ಕಣ್ರೀ. ನಮಗೆ ನಿಶ್ಶಬ್ದ ಬೇಕು," ಅಂದ್ರು.

"ಅಷ್ಟೇ ತಾನೇ ಸಾರ್? ಈಗ್ಲೇ ಮಾಡಿಸ್ತೀನಿ," ಅಂದ ಮೇಸ್ತ್ರಿ. ನಾದಸ್ವರ ನಿಲ್ಲಿಸ್ದ. ಮೈಕ್ ತಗೊಂಡ. ವಾಲ್ಯೂಮ್ ಪೂರ್ತಿ ಕೊಟ್ಟ. "ಮಹನೀಯರೇ, ಎಲ್ಲರೂ ದಯವಿಟ್ಟು ನಿಶ್ಶಬ್ದವಾಗಿ ಇರಬೇಕಾಗಿ ವಿನಂತಿ!"

ಬೆಟ್ಟ ಅದನ್ನ ಮೂರು ಸಲ ಹೇಳ್ತು. ಒಂದು ಗಂಟೆ ಬಿಟ್ಟು ಕೆಳಗಿನಿಂದ ಮೀನುಗಾರರೊಬ್ಬರು ಏದುಸಿರು ಬಿಡ್ತಾ ಬೆಟ್ಟ ಹತ್ತಿ ಬಂದ್ರು. ಮುಖ ಊದ್ಕೊಂಡಿತ್ತು.

"ಎಂತ ಮಾರಾಯ್ರೆ, ದೋಣೀಲಿ ಇದ್ದದ್ದು ನಾವು ಇಬ್ಬರೇ. ನಮ್ಮಿಬ್ಬರಿಗೆ ಮಾತು ಬಿಟ್ಟು ಎಂಟು ದಿನ ಆಯ್ತು. ಸುಮ್ಮನಿದ್ದವರಿಗೆ ಎಂತಕ್ಕೆ ಬೈಯೋದು?"

ಪೂರ್ವದ ಬಾಗಿಲು

ಟೆಂಟ್ ಬೇಡ ಅನ್ನೋರಿಗೆ ಅಂತ ಗೌಡ್ರು ಒಂದು ಮರದ ಕ್ಯಾಬಿನ್ ಕಟ್ಟಿಸಿದ್ರು. ಸಾಗುವಾನಿ ಬಾಗಿಲು, ಕೆಂಪು ಹಂಚು, ಒಳಗೆ ಕಾಲಿಟ್ರೆ ಮರದ ಘಮ. ನಾನು, ನನ್ನ ಹೆಂಡ್ತಿ ಮದುವೆಯಾದ ಮೇಲೆ ಮೊದಲನೇ ಸಲ ಅಷ್ಟು ಚೆಂದದ ಜಾಗದಲ್ಲಿ ಕೂತು ಕಾಫಿ ಕುಡಿದಿದ್ದು ಅಲ್ಲೇ. ಈಗಲೂ ಅವಳು ಕಾಫಿ ಸೋಸ್ವಾಗ ಒಂದೊಂದ್ಸಲ "ಆ ಕ್ಯಾಬಿನ್ ಕಾಫಿ ರುಚಿ ಬರ್ಲಿಲ್ಲ ಕಣ್ರೀ" ಅಂತಾಳೆ. ಪುಡಿ ಅದೇ, ಹಾಲು ಅದೇ. ನನಗೂ ಗೊತ್ತು ಅವಳು ಏನು ಹೇಳ್ತಿದಾಳೆ ಅಂತ.

ಆದ್ರೆ ಕ್ಯಾಬಿನ್‌ಗೆ ಒಂದು ದೋಷ ಇತ್ತು. ಗೌಡ್ರು ನಲವತ್ತು ಮನೆ ಕಟ್ಟಿದ ಬಿಲ್ಡರ್, ವಾಸ್ತು ಬಿಟ್ಟು ಒಂದು ಇಟ್ಟಿಗೆ ಇಡೋರಲ್ಲ. ಬಾಗಿಲು, ಕಿಟಕಿ, ಜಗಲಿ ಎಲ್ಲಾ ಪೂರ್ವಕ್ಕೆ. ನಮ್ಮ ಪಶ್ಚಿಮ ಕರಾವಳೀಲಿ ಸಮುದ್ರ ಇರೋದು ಎಲ್ಲಿ? ಪಶ್ಚಿಮಕ್ಕೆ! ಜಗಲಿ ಮೇಲೆ ಕೂತ್ರೆ ಮೂರು ಮಾರು ದೂರದಲ್ಲಿ ಒಂದು ದೊಡ್ಡ ಕರೀ ಬಂಡೆ. ಪಶ್ಚಿಮದ ಗೋಡೇಲಿ ಇದ್ದಿದ್ದು ಒಂದೇ ಒಂದು ಕಿಂಡಿ, ಅದೂ ಬಾತ್‌ರೂಮಿಂದು.

"ಗೌಡ್ರೇ, ಸಮುದ್ರ ಕಾಣಲ್ವಲ್ಲ?" ಅಂದೆ.

"ಸಮುದ್ರ ಎಲ್ಲಿಗೂ ಓಗಲ್ಲ ಕಣೋ. ಬಾಗಿಲು ತಪ್ಪಾದ್ರೆ ಲಕ್ಷ್ಮಿ ಓಗ್ತಾಳೆ," ಅಂದ್ರು.

ಆರ್.ಟಿ. ನಗರದಿಂದ ಹತ್ತು ಜನರ ಒಂದು ಕುಟುಂಬ ಬಂತು. ಸಾಯಂಕಾಲ ಆಯ್ತು, ಸೂರ್ಯ ಮುಳುಗೋ ಹೊತ್ತು. ಹೊರಗೆ ಹೋಗಿ ನೋಡಿ ಅಂದ್ರೆ ಹಾವಿನ ಭಯ. ಯಾರೋ ಒಬ್ಬರು ಬಾತ್‌ರೂಮಿಗೆ ಹೋದವರು "ಅಬ್ಬಬ್ಬಾ! ಎಲ್ಲಾ ಬನ್ರೋ!" ಅಂತ ಕೂಗಿದ್ರು. ಅಷ್ಟೇ ನೋಡಿ, ಬಾತ್‌ರೂಮ್ ಮುಂದೆ ಕ್ಯೂ. ಒಬ್ಬೊಬ್ಬರೇ ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ, ಕಿಂಡೀಲಿ ಸೂರ್ಯಾಸ್ತ ನೋಡಿ ಇಳೀಬೇಕು. ಆ ಮನೆ ತಾತ ಒಬ್ಬರು ನಿಜವಾಗ್ಲೂ ಅವಸರ ಆಗಿ ಬಂದಿದ್ರು. ಕ್ಯೂನಲ್ಲಿ ಆರನೇ ಜಾಗ. ಒಂದು ಕಾಲ ಮೇಲೆ ನಿಂತ್ರು, ಇನ್ನೊಂದು ಕಾಲ ಮೇಲೆ ನಿಂತ್ರು, ಕೊನೆಗೆ ಬಾಗಿಲು ಬಡಿದ್ರು.

ಒಳಗಿಂದ ಸೊಸೆ, "ಎರಡೇ ನಿಮಿಷ ಮಾವಾ, ಮುಳುಗ್ತಾ ಇದೆ!" ಅಂದ್ಲು.

"ಅದು ನಾಳೇನೂ ಮುಳುಗುತ್ತಮ್ಮಾ. ಇಲ್ಲಿ ನಾನೇ ಮುಳುಗೋ ಹಂಗಾಗಿದೆ!"

ಎಲೆ ಮುಂದೆ ಕೂತವರು

ಇಂಥ ಎಡವಟ್ಟು ಮಾಡ್ಕೊಂಡು ಮೇ ತಿಂಗಳ ಕೊನೇ ವಾರಕ್ಕೆ ಬಂದ್ವಿ. ಜನ ಬಂದ್ರು, ನಕ್ಕರು, ಹೋದ್ರು. ಕಚ್ಕೊಂಡ್ರಾ ಅಂದ್ರೆ ಇಲ್ಲ. ಆಗ ಗೌಡ್ರು ಫೋನ್ ಮಾಡಿದ್ರು. ಪ್ರವಾಸದ ಗುಂಪುಗಳನ್ನ ಕಳಿಸೋ ಒಂದು ಕಂಪನಿಯಿಂದ ಮೇಡಂ ಒಬ್ಬರು ಜಾಗ ನೋಡೋಕೆ ಬರ್ತಾರಂತೆ. "ಆಯಮ್ಮ ಊ ಅಂದ್ರೆ ಮುಂದಿನ ಸೀಸನ್ ಪೂರ್ತಿ ಜನ. ಊಹೂ ಅಂದ್ರೆ ಮುಗೀತು, ಗುಜರಿಯೋನಿಗೆ ಸೋಮವಾರ ಬಾ ಅಂತ ಯೋಳಿವ್ನಿ. ನಾನೂ ಬರ್ತೀನಿ, ಉಷಾರು," ಅಂದ್ರು.

ನನ್ನ ಹೆಂಡ್ತಿ ಆ ರಾತ್ರಿ ಊಟ ಮಾಡ್ಲಿಲ್ಲ. "ರೀ, ನನಗೆ ಗೊತ್ತಿರೋದು ಮದುವೆ ಊಟ ಒಂದೇ. ಅದನ್ನೇ ಬಡಿಸ್ತೀನಿ. ಆಮೇಲೆ ದೇವರಿದಾನೆ," ಅಂದ್ಲು.

ಮೇಡಂ ಇಬ್ಬರು ಸಹಾಯಕರ ಜೊತೆ ಬೆಳಿಗ್ಗೇನೇ ಬಂದ್ರು. ಎಲ್ಲಾ ನೋಡಿದ್ರು, ಒಂದಕ್ಕೂ ನಗಲಿಲ್ಲ. ಮಧ್ಯಾಹ್ನ ಅಪ್ಪನ ಕೆಂಪು-ಹಳದಿ ಶಾಮಿಯಾನದ ಕೆಳಗೆ ಬಾಳೆಎಲೆ ಹಾಕಿ ಕೂರಿಸಿದ್ವಿ. ಕೋಸಂಬರಿ, ಪಲ್ಯ, ಹುಳಿ, ಒಬ್ಬಟ್ಟು. ಮೊದಲನೇ ತುತ್ತು ಬಾಯಿಗೆ ಇಟ್ಟಿದ್ದಾರೆ ಅಷ್ಟೇ, ಸಮುದ್ರದ ಕಡೆಯಿಂದ ಒಂದು ಗಾಳಿ ಬಂತು ನೋಡಿ! ಅಲ್ಲಿ ನೆಲ ಎಲ್ಲಾ ಕಲ್ಲು, ಗೂಟ ಆಳಕ್ಕೆ ಇಳಿದಿರಲಿಲ್ಲ. ಪಟಪಟ ಅಂತ ನಾಲ್ಕೂ ಮೂಲೆ ಗೂಟ ಕಿತ್ಕೊಂಡ್ವು.

ಎಬ್ಬಿಸಿ ಕ್ಯಾಬಿನ್‌ಗೆ ಕರ್ಕೊಂಡು ಹೋಗ್ಬಹುದಿತ್ತಲ್ಲ ಅಂತೀರಿ. ನಮ್ಮ ಕಸುಬಲ್ಲಿ ಅದಾಗಲ್ಲ ಸ್ವಾಮಿ. ಎಲೆ ಮುಂದೆ ಕೂತವರನ್ನ ಮಜ್ಜಿಗೆ ಅನ್ನ ಮುಗಿಯೋ ತನಕ ಎಬ್ಬಿಸಬಾರದು. ಆಕಾಶ ಕಳಚಿ ಬಿದ್ರೂ ಎಬ್ಬಿಸಬಾರದು ಅಂತ ಅಪ್ಪ ಹೇಳಿ ಹೇಳಿ ಬೆಳೆಸಿದ್ದ. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಮೇಸ್ತ್ರಿ ಮುಖ ನೋಡಿದೆ. ಇಬ್ಬರೂ ಓಡಿ ಒಂದೊಂದು ಕಂಬ ತಬ್ಕೊಂಡ್ವಿ. ಬಂದೋರನ್ನ ಬೆಟ್ಟ ಹತ್ತಿಸೋ ನಮ್ಮ ಜೀಪ್ ಡ್ರೈವರ್ ಮೂರನೇದು ಹಿಡಿದ. ನಾಲ್ಕನೇದು ಏಳ್ತಾ ಬೀಳ್ತಾ ಇದೆ.

ಆಗ ಸರಿಯಾಗಿ ಮೇಡಂ ಬೆನ್ನ ಹಿಂದೆ ಗೌಡ್ರ ಕಾರು ಬಂತು. ಬಿಳಿ ಶರ್ಟು, ಬಿಳಿ ಪಂಚೆ, ಕೈಗೆ ಚಿನ್ನದ ವಾಚು. ಇಳಿದು ನಮಸ್ಕಾರ ಹೇಳೋಕೆ ಬಾಯಿ ತೆಗೆದವರು ಕಂಬ ನೋಡಿದ್ರು. ಅವರೂ ಹಳ್ಳೀಲಿ ಹುಟ್ಟಿದವರು, ಪಂಕ್ತಿ ಅಂದ್ರೇನು ಅಂತ ಹೇಳ್ಕೊಡ್ಬೇಕಾ? ಮಾತಿಲ್ಲ ಕತೆಯಿಲ್ಲ, ಪಂಚೆ ಎತ್ತಿ ಕಟ್ಟಿ ನಾಲ್ಕನೇ ಕಂಬಕ್ಕೆ ಹೆಗಲು ಕೊಟ್ಟು ನಿಂತ್ರು.

ಮೇಡಂಗೆ ಇದೊಂದೂ ಗೊತ್ತಿಲ್ಲ. "ಎಂಥ ಗಾಳಿ! ಆದ್ರೂ ನಿಮ್ಮ ಟೆಂಟ್ ಅಲ್ಲಾಡ್ತಾನೇ ಇಲ್ವಲ್ಲ?" ಅಂದ್ರು. ಹಿಂದೆ ಮೇಸ್ತ್ರಿ ಕಂಬದ ಸಮೇತ ಒಂದು ಗೇಣು ಮೇಲೆ ಹೋಗಿ ಕೆಳಗಿಳಿದ.

ಅನ್ನ, ಸಾರು, ಮಜ್ಜಿಗೆ ಅಂತ ನನ್ನ ಹೆಂಡ್ತಿ ಬೇಗ ಬೇಗ ಬಡಿಸಿ ಮುಗಿಸೋಕೆ ನೋಡಿದ್ಲು. ಆದ್ರೆ ಬೆಳಿಗ್ಗೆಯಿಂದ ನಗದಿದ್ದ ಮೇಡಂಗೆ ಒಬ್ಬಟ್ಟು ಬಾಯಿಗಿಟ್ಟ ತಕ್ಷಣ ನಗು ಬಂತು. "ಇನ್ನೊಂದು ಹಾಕಿ. ತುಪ್ಪ? ಹಾಕಿ ಹಾಕಿ. ಹೂರಣಕ್ಕೆ ಏನೇನು ಹಾಕ್ತೀರಿ?" ಅಂದ್ರು. ಇವಳು ಬೇಳೆ ಬೇಯಿಸೋದ್ರಿಂದ ಹೇಳ್ಬೇಕಾಯ್ತು. ನನ್ನ ತೋಳು ಸೇದಿ ಹೋಗಿತ್ತು. ಎದುರಿಗೆ ಗೌಡ್ರು ಕೆಂಪಗಾಗಿ, ಕಣ್ಣಲ್ಲೇ ಒಬ್ಬಟ್ಟಿಗೂ ನನಗೂ ಸೇರಿಸಿ ಬೈತಾ ಇದ್ರು. ಮೂರನೇ ಒಬ್ಬಟ್ಟು ಮುಗೀತು, ನಾಲ್ಕನೇದಕ್ಕೆ ಎಲೆ ತೋರಿಸಿದ್ರು. ಮೇಸ್ತ್ರಿ ನಿಂತಲ್ಲೇ ಕಣ್ಣು ಮುಚ್ಕೊಂಡು ಗುಣುಗುಣು ಅಂತ ಸ್ತೋತ್ರ ಹೇಳೋಕೆ ಶುರು ಮಾಡಿದ. ಒಟ್ಟು ಮುಕ್ಕಾಲು ಗಂಟೆ ಹಾಗೇ ನಿಂತಿದ್ವಿ.

ಕೊನೆಗೂ ಕೈ ತೊಳೆದ್ರು. "ಓನರ್ ಬರ್ಲೇ ಇಲ್ವಾ? ಸರಿ, ರಿಪೋರ್ಟ್ ಕಳಿಸ್ತೀನಿ ಅಂತ ಹೇಳಿ," ಅಂತ ನನ್ನ ಹೆಂಡ್ತಿಗೆ ಅಂದು, ಅವಳು ಬಾಯಿ ತೆಗೆಯೋ ಮುಂಚೇನೇ ತಮ್ಮ ಗಾಡಿ ಹತ್ತಿದ್ರು. ಗೌಡ್ರು ಕಂಬ ಬಿಡೋ ಹಾಗಿಲ್ಲ, ಅಲ್ಲಿಂದಲೇ ಗೋಣು ಆಡಿಸಿದ್ರು. ಗಾಡಿ ತಿರುವು ದಾಟಿದ ಮೇಲೆ ನಾಲ್ಕೂ ಜನ ಒಟ್ಟಿಗೆ ಕೈ ಬಿಟ್ವಿ. ಶಾಮಿಯಾನ ಹಾರಿ ಹೋಗಿ ಮರದ ಮೇಲೆ ಕೂತ್ಕೊಂಡ್ತು. ನಾವು ನೆಲದ ಮೇಲೆ ಬಿದ್ಕೊಂಡು, ಅಳು ಬರ್ತಾ ಇದೆಯೋ ನಗು ಬರ್ತಾ ಇದೆಯೋ ಗೊತ್ತಾಗದೆ ಒದ್ದಾಡಿದ್ವಿ.

ಸೋಮವಾರ ಸಿಂಗಾಪುರದ ಗೋಡೌನ್ ಮುಂದೆ ಗುಜರಿಯವನ ಆಟೋ ಬಂದು ನಿಂತಿತ್ತು. ತಕ್ಕಡಿ ಇಳಿಸ್ತಾ ಇದ್ದ. ಆ ತಕ್ಕಡಿ ನೋಡೋಕಾಗ್ದೆ ನಾನು ಗೋಡೆ ಕಡೆ ತಿರುಗಿ ನಿಂತೆ. ಅಷ್ಟ್ರಲ್ಲಿ ಗೌಡ್ರ ಫೋನಿಗೆ ರಿಪೋರ್ಟ್ ಬಂತು. ಅವರ ಕನ್ನಡಕ ಕಾರಲ್ಲಿತ್ತು. "ನೀನೇ ಓದಮ್ಮ, ಜೋರಾಗಿ ಓದು," ಅಂತ ನನ್ನ ಹೆಂಡ್ತಿ ಕೈಗೆ ಫೋನ್ ಕೊಟ್ರು.

ಅವಳು ಸೆರಗಲ್ಲಿ ಫೋನ್ ಒರೆಸ್ಕೊಂಡು ಓದೋಕೆ ಶುರು ಮಾಡಿದ್ಲು. "ಊಟ ಅತ್ಯುತ್ತಮ. ಟೆಂಟು ತುಂಬಾ ಗಟ್ಟಿ, ಅಂಥ ಬಿರುಗಾಳಿಯಲ್ಲೂ ಅಲುಗಾಡಲಿಲ್ಲ. ಮುಂದಿನ ಸೀಸನ್‌ನಿಂದ ನಮ್ಮ ಎಲ್ಲಾ ಗುಂಪುಗಳನ್ನು ಕಳಿಸುತ್ತೇವೆ..."

ಮೇಸ್ತ್ರಿ ನನ್ನನ್ನ ತಬ್ಕೊಂಡ. ನಾನು ಅತ್ತೇಬಿಟ್ಟೆ, ಸುಳ್ಳು ಯಾಕೆ ಹೇಳ್ಲಿ. ಗೌಡ್ರು ಗುಜರಿಯವನಿಗೆ "ಓಗಯ್ಯಾ ಓಗು, ನಿನ್ನ ತಕ್ಕಡಿ ತಗೊಂಡು ಓಗು," ಅಂತ ಕೈ ಬೀಸಿದ್ರು. ಆದ್ರೆ ನನ್ನ ಹೆಂಡ್ತಿ ಓದೋದು ನಿಲ್ಲಿಸಿ ಬಾಯಿಗೆ ಸೆರಗು ಅಡ್ಡ ಇಟ್ಕೊಂಡಿದ್ಲು.

"ಯಾಕಮ್ಮಾ ನಿಲ್ಲಿಸ್ದೆ? ಇನ್ನೂ ಏನೋ ಐತಲ್ಲ, ಓದು."

"ಬೇಡ ಗೌಡ್ರೇ..."

"ಓದಮ್ಮಾ, ಸಂಕೋಚ ಯಾಕೆ!"

ಅವಳು ಓದಿದ್ಲು: "ಒಂದೇ ಷರತ್ತು. ಕೆಲಸದವರು ಮಹಾ ಸೋಮಾರಿಗಳು. ಆ ಹೆಂಗಸು ಒಬ್ಬಳೇ ಓಡಾಡಿ ಬಡಿಸುತ್ತಿದ್ದರೆ, ಊಟ ಮುಗಿಯುವವರೆಗೂ ನಾಲ್ಕು ಗಂಡಸರು ಒಂದೊಂದು ಕಂಬಕ್ಕೆ ಒರಗಿಕೊಂಡು ನಿಂತಿದ್ದರು. ಅವರಲ್ಲೂ ಬಿಳಿ ಪಂಚೆಯ ಆ ದಪ್ಪನೆಯ ವ್ಯಕ್ತಿಯನ್ನು ಕೂಡಲೇ ಕೆಲಸದಿಂದ ತೆಗೆಯತಕ್ಕದ್ದು."